ಕುರ, ರಾಜಕುರು, ಕಜ್ಜಿ: ಸ್ಟಾಫ್ ಸೋಂಕುಗಳಿಗೆ ಯಾವ ಪದ?

ಪ್ರಶ್ನೆ (ದಾವಣಗೆರೆ): ವಿದ್ಯಾರ್ಥಿನಿಲಯಗಳಿಗೆ ಹಂಚಲು ಒಂದು ಕರಪತ್ರ ತಯಾರಾಗುತ್ತಿದೆ. ಸ್ಟಾಫ್ (ಸ್ಟೆಫಿಲೊಕಾಕಸ್) ಬ್ಯಾಕ್ಟೀರಿಯಾದಿಂದ ಬರುವ ಬಾಯಿಲ್, ಕಾರ್ಬಂಕಲ್, ಇಂಪೆಟೈಗೊ, ಸೆಲ್ಯುಲೈಟಿಸ್ ಎಲ್ಲಕ್ಕೂ ಕರಡಿನಲ್ಲಿ ‘ಚರ್ಮದ ನಂಜು’ ಎಂದೇ ಇದೆ. ಬೇರೆ ಪದಗಳಿವೆಯೇ?

ಉತ್ತರ (ಚಿತ್ರದುರ್ಗ): ಇವೆ. ಮೊದಲು ‘ನಂಜು’ ತೆಗೆಯಿರಿ. ನಮ್ಮ ಕಡೆ ನಂಜು ಅಂದ ಕೂಡಲೇ ಜನ ಬದನೆಕಾಯಿ ಬಿಟ್ಟು ಪಥ್ಯಕ್ಕೆ ಕೂರುತ್ತಾರೆ, ಕೈ ತೊಳೆಯುವ ಮಾತು ಮರೆತೇಹೋಗುತ್ತದೆ.

ಬಾಯಿಲ್ ಅಂದರೆ ಕುರು, ಆಡುಮಾತಿನಲ್ಲಿ ಕುರ. ಕೂದಲಿನ ಬುಡಕ್ಕೆ ಸ್ಟೆಫಿಲೊಕಾಕಸ್ ಆರಿಯಸ್ ಇಳಿಯುತ್ತದೆ. ಅದನ್ನು ತಡೆಯಲು ಬಂದ ಬಿಳಿ ರಕ್ತಕಣಗಳು ಸತ್ತು ಕೀವಾಗುತ್ತವೆ. ಕುರ ಏಳುವುದು, ಹಣ್ಣಾಗುವುದು, ಬಾಯಿ ಬಿಡುವುದು, ಆಣಿ ಬೀಳುವುದು: ಜನ ಬಳಸುವ ಈ ಕ್ರಿಯಾಪದಗಳನ್ನೇ ಇಟ್ಟುಕೊಳ್ಳಿ, ರೋಗದ ಹಂತಗಳು ಅವುಗಳಲ್ಲೇ ಇವೆ. ಬಿಸಿನೀರಲ್ಲಿ ಅದ್ದಿ ಹಿಂಡಿದ ಶುಭ್ರ ಬಟ್ಟೆಯ ಶಾಖ, ಸಲಕ್ಕೆ 10–15 ನಿಮಿಷ, ದಿನಕ್ಕೆ ಮೂರು ನಾಲ್ಕು ಸಲ. ಹಿಸುಕಿದರೆ ಕೀವು ಒಳಗೇ ನುಗ್ಗುತ್ತದೆ. ಮೂಗು, ಮೇಲ್ದುಟಿಯ ಸುತ್ತ ಇದ್ದರಂತೂ ಮುಟ್ಟಲೇಬಾರದು, ಅಲ್ಲಿನ ರಕ್ತನಾಳಗಳು ಮಿದುಳಿನ ಕಡೆಯ ನಾಳಗಳಿಗೆ ಕೂಡಿಕೊಂಡಿವೆ. ಬೇಸಿಗೆಯಲ್ಲಿ ಎದ್ದದ್ದಕ್ಕೆಲ್ಲ ‘ಉಷ್ಣದ ಕುರ’ ಅನ್ನುವ ರೂಢಿ ಇದೆ. ಬೆವರುಸಾಲೆ ಕೆರೆದು ಚರ್ಮ ಕಿತ್ತ ಜಾಗದಲ್ಲಿ ಬ್ಯಾಕ್ಟೀರಿಯಾ ಹೊಗುತ್ತದೆ ಎಂದು ಅಲ್ಲೇ ಒಂದು ಸಾಲು ಸೇರಿಸಿ.

ಕಾರ್ಬಂಕಲ್‌ಗೆ ರಾಜಕುರು, ಬೆನ್ನಲ್ಲೆದ್ದರೆ ಬೆನ್ನುಫಣಿ. ಅಕ್ಕಪಕ್ಕದ ಹಲವು ಕೂದಲಬುಡಗಳು ಒಳಗೊಳಗೇ ಕೂಡಿಕೊಂಡು ಒಂದೇ ಊತಕ್ಕೆ ಹಲವು ಬಾಯಿ ಬರುತ್ತವೆ. ಕತ್ತಿನ ಹಿಂಭಾಗ, ಬೆನ್ನು ಇದರ ಜಾಗ. ಸಕ್ಕರೆ ಕಾಯಿಲೆ ಇದ್ದವರಲ್ಲಿ ಹೆಚ್ಚು. ಇದಕ್ಕೆ ಮನೆಯ ಶಾಖ ಸಾಲದು, ವೈದ್ಯರ ಹತ್ತಿರ ಹೋಗಲೇಬೇಕು.

ಇಂಪೆಟೈಗೊಗೆ ‘ಕಜ್ಜಿ’ ಬೇಡ. ಕಜ್ಜಿ ನುಸಿಯಿಂದ ಬರುವ ತುರಿಕೆ, ಅದರ ಮದ್ದೇ ಬೇರೆ. ತೊಡಕೆಂದರೆ ಕಜ್ಜಿ ಕೆರೆದ ಗಾಯದಲ್ಲೇ ಇಂಪೆಟೈಗೊ ಕೂರುತ್ತದೆ, ಹಾಗಾಗಿ ಜನ ಎರಡನ್ನೂ ಒಂದೇ ಹೆಸರಲ್ಲಿ ಕರೆಯುತ್ತಾರೆ. ಮಕ್ಕಳ ಮೂಗು, ಬಾಯಿ ಸುತ್ತ ಗುಳ್ಳೆ ಒಡೆದು ಜೇನಿನ ಬಣ್ಣದ ಹಕ್ಕಳೆ ಕಟ್ಟುವುದೇ ಗುರುತು. ‘ಹಕ್ಕಳೆಹುಣ್ಣು’ ಎಂದರೆ ನೋಡಿದವರಿಗೆ ಥಟ್ಟನೆ ಗೊತ್ತಾಗುತ್ತದೆ. ಟವೆಲ್‌ನಿಂದ ಹರಡುತ್ತದೆ, ನಿಲಯಗಳಿಗೆ ಇದೇ ಮುಖ್ಯ.

ಸೆಲ್ಯುಲೈಟಿಸ್‌ಗೆ ರೂಢಿಯ ಪದವಿಲ್ಲ, ‘ಹರಡುಬಾವು’ ಎನ್ನಬಹುದು. ಕೀವಿನ ಮೂತಿ ಇರದು. ಕೆಂಪು, ಬಿಸಿ, ನೋವು ಹಬ್ಬುತ್ತ ಹೋಗುತ್ತವೆ. ಕೆಂಪಿನ ಅಂಚಿಗೆ ಪೆನ್ನಲ್ಲಿ ಗೆರೆ ಎಳೆದಿಡಿ. ಗೆರೆ ದಾಟಿದರೆ, ಜ್ವರ, ಚಳಿ ಬಂದರೆ ತಡಮಾಡದೆ ಆಸ್ಪತ್ರೆಗೆ. ಬ್ಯಾಕ್ಟೀರಿಯಾ ರಕ್ತಕ್ಕಿಳಿದರೆ ಹೃದಯದ ಕವಾಟ, ಮೂಳೆ, ಶ್ವಾಸಕೋಶದಲ್ಲೂ ನೆಲೆಯೂರಬಲ್ಲದು. ‘ರಕ್ತನಂಜು’ ಎಂಬ ಪದಕ್ಕೆ ಇಲ್ಲಿ ಮಾತ್ರ ಜಾಗವಿದೆ.

ಕರಡಿನಲ್ಲಿ ಇಲ್ಲದ್ದು ಇನ್ನೊಂದು: ಸ್ಟಾಫ್‌ನ ಆಹಾರವಿಷ. ಇದಕ್ಕೆ ‘ಸೋಂಕು’ ಸಲ್ಲದು. ಅಡುಗೆಯವರ ಕೈಯ ಉಗುರುಸುತ್ತು ಅಥವಾ ಕುರದಿಂದ ಬ್ಯಾಕ್ಟೀರಿಯಾ ಅನ್ನ, ಖೋವಾಕ್ಕೆ ಬಿದ್ದು, ಹೊರಗಿಟ್ಟ ಹೊತ್ತಿನಲ್ಲಿ ಬೆಳೆದು ವಿಷ ಬಿಡುತ್ತದೆ. ಮತ್ತೆ ಕುದಿಸಿದರೆ ಬ್ಯಾಕ್ಟೀರಿಯಾ ಸಾಯುತ್ತದೆ, ವಿಷ ಉಳಿಯುತ್ತದೆ. ಉಂಡ ಅರ್ಧ ಗಂಟೆಯಿಂದ 8 ಗಂಟೆಯೊಳಗೆ ವಾಂತಿ ಶುರು. ಹಾಗಾಗಿ ‘ಚೆನ್ನಾಗಿ ಬಿಸಿ ಮಾಡಿ ಬಡಿಸಿ’ ಎಂಬ ಸಾಲಿನ ಪಕ್ಕದಲ್ಲೇ ‘ಕೈಯಲ್ಲಿ ಕೀವಿರುವವರು ಅಡುಗೆಮನೆಗೆ ಬರಬೇಡಿ’ ಎಂದೂ ಬರೆಯಿರಿ.