ಅಪ್‌ಡೇಟ್: ಅವ್ವನ ಪ್ರೆಡ್ನಿಸೊಲೋನ್ ಮಾತ್ರೆ

ಕೀಲುವಾತಕ್ಕೆ ತಿಂಗಳುಗಳಿಂದ ಪ್ರೆಡ್ನಿಸೊಲೋನ್ ಎಂಬ ಸ್ಟಿರಾಯ್ಡ್ ಮಾತ್ರೆ ನುಂಗುತ್ತಿರುವ ಅವ್ವ, ನೋವು ಇಳಿದಿದೆ, ಇನ್ನು ಮಾತ್ರೆ ಬೇಡ ಎಂದು ಹಟ ಹಿಡಿದಿದ್ದಾಳೆ, ಏನು ಮಾಡಲಿ ಎಂದು ಕೇಳಿದ್ದೆ. ಕಲಬುರಗಿಯಲ್ಲೇ ತಜ್ಞರನ್ನು ಕಂಡು ಬಂದೆವು.

ಒಮ್ಮೆಲೇ ನಿಲ್ಲಿಸುವಂತಿಲ್ಲ. ಹೊರಗಿನಿಂದ ಸ್ಟಿರಾಯ್ಡ್ ಬರುತ್ತಲೇ ಇದ್ದರೆ ಮೂತ್ರಪಿಂಡದ ಮೇಲಿರುವ ಅಡ್ರಿನಲ್ ಗ್ರಂಥಿ ದೇಹದ ಸ್ವಂತ ಸ್ಟಿರಾಯ್ಡ್ ಆದ ಕಾರ್ಟಿಸೋಲ್‌ನ ತಯಾರಿಕೆಯನ್ನು ತಗ್ಗಿಸುತ್ತದೆ. ಮತ್ತೆ ಚುರುಕಾಗಲು ಅದಕ್ಕೆ ಸಮಯ ಬೇಕು. ತಟ್ಟನೆ ಬಿಟ್ಟರೆ ವಿಪರೀತ ಸುಸ್ತು, ವಾಂತಿ, ರಕ್ತದೊತ್ತಡದ ಕುಸಿತ ಕಾಣಿಸಬಹುದು. ಹಾಗಾಗಿ ಪ್ರಮಾಣವನ್ನು ಹಂತಹಂತವಾಗಿ ಇಳಿಸುವ ಚೀಟಿ ಬರೆದುಕೊಟ್ಟಿದ್ದಾರೆ. ಬೆಳಿಗ್ಗೆ ರೊಟ್ಟಿ ತಿಂದ ಮೇಲೆಯೇ ಮಾತ್ರೆ. ತಡವಾಗಿ ನುಂಗಿದರೆ ನಿದ್ದೆ ಕೆಡುತ್ತದೆ.

ನನಗೆ ಹೊಸದೆನಿಸಿದ್ದು ಈ ಮಾತ್ರೆಯಿಂದ ರಕ್ತದಲ್ಲಿ ಸಕ್ಕರೆ ಏರುವ ವಿಷಯ. ಖಾಲಿ ಹೊಟ್ಟೆಯ ಪರೀಕ್ಷೆ ಸರಿ ಬಂದರೂ ಮಧ್ಯಾಹ್ನದ ನಂತರ ಏರಿರಬಹುದಂತೆ. ಔಷಧಿ ಅಂಗಡಿಯಿಂದ ತರುತ್ತಿದ್ದ ನೋವಿನ ಮಾತ್ರೆ ಡೈಕ್ಲೊಫೆನಾಕ್ ಈಗ ಬಂದ್. ಅದೂ ಸ್ಟಿರಾಯ್ಡೂ ಸೇರಿದರೆ ಜಠರದಲ್ಲಿ ಹುಣ್ಣಾಗಿ ರಕ್ತಸ್ರಾವವಾಗುವ ಅಪಾಯ ಹೆಚ್ಚು. ಮೂಳೆಗೆ ಕ್ಯಾಲ್ಸಿಯಂ, ವಿಟಮಿನ್ ಡಿ ಕೊಟ್ಟಿದ್ದಾರೆ. "ನಮ್ಮೂರ ಬಿಸಿಲಿರುವಾಗ ವಿಟಮಿನ್ ಡಿ ದುಡ್ಡು ಕೊಟ್ಟು ತರಬೇಕೇ?" ಎಂಬುದು ಅವ್ವನ ತಕರಾರು, ಅದಿನ್ನೂ ಮುಗಿದಿಲ್ಲ.

ಸ್ಟಿರಾಯ್ಡ್ ಸೋಂಕಿನ ಲಕ್ಷಣಗಳನ್ನು ಮುಚ್ಚಿಡುವುದರಿಂದ ಸಣ್ಣ ಜ್ವರ ಬಂದರೂ ಕಾಯದೆ ಬರಲು ಹೇಳಿದ್ದಾರೆ. ಕಣ್ಣಿನ ಪರೀಕ್ಷೆ ಮುಂದಿನ ಭೇಟಿಯಲ್ಲಿ.