ಕೇಪ್ ಎಪಿಕ್: ಜೊತೆಗಾರರನ್ನು ಹಿಂದೆ ಬಿಡದೆ ಓಡಿಸುವುದು ಹೇಗೆ?

ಮಲೆಸವಾರ: ದಕ್ಷಿಣ ಆಫ್ರಿಕಾದ ಕೇಪ್ ಎಪಿಕ್ ಮೌಂಟನ್ ಬೈಕ್ ರೇಸ್‌ಗೆ ನಮ್ಮದು ಇಬ್ಬರ ತಂಡ. ಎಂಟು ದಿನದ ಮಣ್ಣುದಾರಿ. ಏರಿನಲ್ಲಿ ನಾನೇ ಮುಂದಾಗುತ್ತೇನೆ. ಮೇಲೆ ಹೋಗಿ ಕಾದರೆ ಸಾಕಾ? ಸಾಮಾನು ಹೇಗೆ ಹಂಚಿಕೊಳ್ಳೋದು?

ಚೈನ್‌ರಿಂಗ್: ಸಾಲದು. ನಡುವೆ 2 ನಿಮಿಷಕ್ಕಿಂತ ಹೆಚ್ಚು ಅಂತರವಾದರೆ ದಂಡ ಬೀಳುತ್ತೆ. ತಂಡದ ಸಮಯ ಲೆಕ್ಕವಾಗೋದೂ ಎರಡನೆಯವರು ಗೆರೆ ದಾಟಿದಾಗಲೇ. ಇನ್ನೊಂದು, ಮೇಲೆ ನಿಂತವರು ಸುಧಾರಿಸಿಕೊಂಡಿರ್ತಾರೆ, ಹಿಂದಿನವರು ಬಂದ ತಕ್ಷಣ ಹೊರಟುಬಿಡ್ತಾರೆ. ಪಾಪ, ಅವರಿಗೆ ವಿಶ್ರಾಂತಿಯೇ ಇಲ್ಲ. ಏರಿನಲ್ಲಿ ಅವರ ವೇಗವೇ ತಂಡದ ವೇಗ. ಬಯಲಿನ ಎದುರುಗಾಳಿಯಲ್ಲಿ ನೀವು ಮುಂದಿರಿ, ಅವರು ನಿಮ್ಮ ಹಿಂಚಕ್ರದ ಬೆನ್ನಿಗೇ ಇದ್ದು ಗಾಳಿ ತಪ್ಪಿಸಿಕೊಳ್ಳಲಿ. ತಿರುವಿನಿಂದ ಹೊರಬರುವಾಗ ಮಾತ್ರ ಜೋರಾಗಿ ತುಳಿಯಬೇಡಿ, ನಿಮ್ಮ ಹಿಂಚಕ್ರ ಅವರಿಗೆ ತಪ್ಪಿಹೋಗೋದು ಅಲ್ಲೇ.

ಪಂಕ್ಚರ್‌ಕಿಟ್: ಭಾರದ್ದೆಲ್ಲ ಗಟ್ಟಿಗರ ಹತ್ತಿರ: ಟ್ಯೂಬ್, ಪಂಪ್, ಚೈನ್ ಟೂಲ್. ಟೈರ್ ಪ್ಲಗ್ ಮಾತ್ರ ಇಬ್ಬರಲ್ಲೂ ಇರಲಿ, ಸೀಲಂಟ್ (ಟೈರಿನೊಳಗಿನ, ತೂತು ಮುಚ್ಚುವ ದ್ರವ) ಸೋರಿಹೋಗುವ ಮೊದಲೇ ತೂತು ಮುಚ್ಚಬೇಕು. ಡಿರೇಲರ್ ಹ್ಯಾಂಗರ್ (ಹಿಂದಿನ ಗೇರ್ ಬದಲಿಸುವ ಭಾಗವನ್ನು ಫ್ರೇಮಿಗೆ ಹಿಡಿಸುವ ತುಂಡು) ಸೈಕಲ್ಲಿಗೊಂದು ತರಹ. ಎರಡೂ ಸೈಕಲ್ಲಿನದ್ದು ಒಂದೊಂದು ಇಟ್ಟುಕೊಳ್ಳಿ.

ಮಲೆಸವಾರ: ತಿನ್ನೋದು?

ಚೈನ್‌ರಿಂಗ್: ಗಂಟೆಗೆ 60ರಿಂದ 90 ಗ್ರಾಂ ಕಾರ್ಬೊಹೈಡ್ರೇಟ್, ಮೊದಲ ಅರ್ಧ ಗಂಟೆಯಿಂದಲೇ. ಜೊತೆಗಾರರು ಸುಸ್ತಾಗಿ ಮಾತು ನಿಲ್ಲಿಸಿದರೆ ಬೇಕಾ ಅಂತ ಕೇಳುತ್ತಾ ಕೂರಬೇಡಿ, ಎನರ್ಜಿ ಜೆಲ್ ಪೊಟ್ಟಣ ಹರಿದು ಕೈಗೆ ಕೊಡಿ.