ಅಪ್‌ಡೇಟ್: ಹಳೆಯ ಜೆಟ್ ಸ್ಕೀ ಕೊನೆಗೂ ಕೊಂಡೆ

1990ರ ದಶಕದ ಟೂ-ಸ್ಟ್ರೋಕ್ ಸೀ-ಡೂ (ಜೆಟ್ ಸ್ಕೀ, ಅಂದರೆ ನೀರಿನ ಸ್ಕೂಟರ್‌ಗಳ ಒಂದು ಬ್ರಾಂಡ್) ಒಂದನ್ನು ಕೊಳ್ಳುವ ಮೊದಲು ಏನೇನು ಪರೀಕ್ಷಿಸಬೇಕು ಎಂದು ಹಿಂದೆ ಇಲ್ಲಿ ಕೇಳಿದ್ದೆ. ತಾವು ಸೂಚಿಸಿದಂತೆ ಕಂಪ್ರೆಶನ್ (ಸಿಲಿಂಡರ್ ಒಳಗಿನ ಒತ್ತಡ) ಅಳೆಸಿದಾಗ ಎರಡೂ ಸಿಲಿಂಡರ್‌ಗಳ ನಡುವಿನ ವ್ಯತ್ಯಾಸ ಶೇ. 10ಕ್ಕಿಂತ ಕಡಿಮೆ ಇದ್ದುದರಿಂದ ಅದನ್ನು ಕೊಂಡೆ.

ನಿಜವಾದ ಕೆಲಸವಿದ್ದುದು ಪೆಟ್ರೋಲ್ ಪೈಪುಗಳಲ್ಲಿ. ಆ ಕಾಲದ ಸೀ-ಡೂಗಳಲ್ಲಿ ಬರುತ್ತಿದ್ದ ಬೂದು ಬಣ್ಣದ ಪೈಪುಗಳು ವರ್ಷಗಳು ಕಳೆದಂತೆ ಒಳಗಿನಿಂದ ಹಾಳಾಗಿ, ಹಸಿರು ಅಂಟಿನಂತಹ ಪದಾರ್ಥವಾಗಿ ಕಾರ್ಬ್ಯುರೇಟರ್‌ನ ಸಣ್ಣ ಜಾಲರಿಯನ್ನು ಮುಚ್ಚುತ್ತವೆ. ಆಗ ಪೆಟ್ರೋಲ್ ಸಾಲದೆ ಪಿಸ್ಟನ್ ಸುಟ್ಟುಹೋಗಬಹುದು. ಆದ್ದರಿಂದ ಬೆಂಗಳೂರಿನ ಜೆ.ಸಿ. ರಸ್ತೆಯಲ್ಲಿ, ಪೆಟ್ರೋಲ್‌ನಲ್ಲಿ ಬೆರೆಸುವ ಎಥನಾಲ್ ತಾಳುವ ಪೈಪು ಹುಡುಕಿ ಎಲ್ಲವನ್ನೂ ಬದಲಿಸಿದೆ. ಎಥನಾಲ್ ತೇವವನ್ನು ಹೀರುವುದರಿಂದ, ಬಳಸದ ತಿಂಗಳುಗಳಲ್ಲಿ ಟ್ಯಾಂಕ್ ಖಾಲಿ ಮಾಡಿಡುತ್ತೇನೆ.

ಎಂಜಿನ್ ತಂಪಾಗಿಸುವ ನಾಳಗಳನ್ನು ನಲ್ಲಿ ನೀರಿನಿಂದ ತೊಳೆಯುವಾಗ ಮೊದಲು ಎಂಜಿನ್ ಚಾಲೂ ಮಾಡಿ ಆಮೇಲೆ ನಲ್ಲಿ ತಿರುಗಿಸಬೇಕು, ನಿಲ್ಲಿಸುವಾಗ ನಲ್ಲಿಯನ್ನೇ ಮೊದಲು ಮುಚ್ಚಬೇಕು. ಈ ಕ್ರಮ ತಪ್ಪಿದರೆ ನೀರು ಎಕ್ಸಾಸ್ಟ್ ಮೂಲಕ ಸಿಲಿಂಡರ್‌ಗೆ ನುಗ್ಗಬಹುದು. ಬೇಸಿಗೆಯ ಬೆಂಗಳೂರಿನಲ್ಲಿ ಈ ನೀರೇ ದುಬಾರಿಯ ಬಿಡಿಭಾಗವೆನ್ನಿ!

ನೀರನ್ನು ಹಿಂದಕ್ಕೆ ತಳ್ಳುವ ಇಂಪೆಲರ್ ಸುತ್ತಲಿನ ವೇರ್ ರಿಂಗ್ (ಬಳೆಯಂತಹ ಭಾಗ) ಸವೆದಿದೆ. ಎಂಜಿನ್ ಜೋರಾಗಿ ತಿರುಗಿದರೂ ವೇಗ ಹೆಚ್ಚದಿರಲು ಅದೇ ಕಾರಣ; ಹೊಸದನ್ನು ತರಿಸುತ್ತಿದ್ದೇನೆ.